ಗಾಂಜಾ: ಸೇದಿದವನಿಗೆ ಜೈಲೇ, ಚಿಕಿತ್ಸೆಯೇ?

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದಾಗ ಅವನ ಬ್ಯಾಗಿನಲ್ಲಿ ತೆಳುವಾದ ಬಿಳಿ ಸುರುಳಿ ಕಾಗದದ ಪೊಟ್ಟಣ ಮತ್ತು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ ಹಸಿರು ಹೂಗೊಂಚಲು ಸಿಕ್ಕಿತು. ಕೇಳಿದರೆ, "ಕೆನಡಾದಲ್ಲಿ ಅಂಗಡಿಯಲ್ಲೇ ಮಾರುತ್ತಾರಮ್ಮ, ನಮ್ಮ ಅಜ್ಜಂದಿರೂ ಭಂಗಿ ಸೇದುತ್ತಿದ್ದರು" ಎನ್ನುತ್ತಾನೆ. ಇದು ನಿಜವೇ? ನಮ್ಮಲ್ಲೂ ಕಾನೂನು ಸಡಿಲಿಸಬೇಕೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅವನು ಹೇಳಿದ ಎರಡೂ ಮಾತು ನಿಜ, ಆದರೆ ಪೊಲೀಸರು ಹಿಡಿದ ದಿನ ಎರಡೂ ಅವನ ನೆರವಿಗೆ ಬರುವುದಿಲ್ಲ. ಕೆನಡಾ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಮಾರಾಟವನ್ನು ಅನುಮತಿಸಿದೆ. ಅಲ್ಲಿಯೂ ಸಾರ್ವಜನಿಕ ಸ್ಥಳದಲ್ಲಿ 30 ಗ್ರಾಂಗಿಂತ ಹೆಚ್ಚು ಒಣ ಗಾಂಜಾ ಇಟ್ಟುಕೊಳ್ಳುವಂತಿಲ್ಲ, ಕ್ವಿಬೆಕ್ ಪ್ರಾಂತ್ಯದಲ್ಲಂತೂ 21 ವರ್ಷ ತುಂಬುವವರೆಗೆ ಕೊಳ್ಳುವಂತಿಲ್ಲ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕವಸ್ತುಗಳನ್ನು ನಿಯಂತ್ರಿಸುವ ಕಾನೂನು) ಗಿಡದ ಭಾಗಗಳನ್ನೇ ಬೇರೆ ಬೇರೆಯಾಗಿ ಗುರುತಿಸುತ್ತದೆ: ಹೂವು ಅಥವಾ ಕಾಯಿ ಬಿಟ್ಟ ತುದಿ ಗಾಂಜಾ, ಅಂಟು ಚರಸ್, ಬರೀ ಎಲೆ ಮತ್ತು ಬೀಜ ಗಾಂಜಾ ಎನಿಸುವುದಿಲ್ಲ. ನಿಮಗೆ ಸಿಕ್ಕಿದ್ದು ಹೂವು. ಒಂದು ಕಿಲೋವರೆಗಿನದನ್ನು 'ಅಲ್ಪ ಪ್ರಮಾಣ' ಎಂದು ಪರಿಗಣಿಸಿದರೂ, ಇಟ್ಟುಕೊಂಡವನಿಗೆ ಒಂದು ವರ್ಷದವರೆಗಿನ ಕಠಿಣ ಶಿಕ್ಷೆ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಇನ್ನು ಸಡಿಲಿಸಬೇಕೇ ಎಂಬ ಪ್ರಶ್ನೆ. ಸೇದುವವನನ್ನು ಅಪರಾಧಿಯನ್ನಾಗಿಸುವುದು ತಪ್ಪೆಂದೇ ನಾನು ನಂಬಿದ್ದೇನೆ. ಇಪ್ಪತ್ತರ ಹುಡುಗನ ಮೇಲೆ ಒಂದು ಎಫ್‌ಐಆರ್ ಬಿದ್ದರೆ ಪಾಸ್‌ಪೋರ್ಟಿಗೂ ಕೆಲಸಕ್ಕೂ ತೊಡಕಾಗುತ್ತದೆ. ಆ ಭಯದಿಂದಲೇ ತಂದೆತಾಯಂದಿರು ವಿಷಯವನ್ನು ಮುಚ್ಚಿಡುತ್ತಾರೆ, ಹುಡುಗ ವೈದ್ಯರ ಬಳಿಗೆ ಹೋಗುವುದು ಅಷ್ಟರಮಟ್ಟಿಗೆ ತಡವಾಗುತ್ತದೆ. ವ್ಯಸನಿಯೊಬ್ಬ ತಾನಾಗಿಯೇ ಸರ್ಕಾರದ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಅವನನ್ನು ವಿಚಾರಣೆಗೆ ಒಳಪಡಿಸದಂತೆ ಇದೇ ಕಾಯ್ದೆಯ 64ಎ ಕಲಂ ರಕ್ಷಿಸುತ್ತದೆ. ಈ ಕಲಂ ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಇರಬೇಕಿತ್ತು.

ಹಾಗೆಂದು ಬೀದಿಗೊಂದು ಅಂಗಡಿ ತೆರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು, ಮಾರಾಟದ ಸಮಗ್ರ ಕಾನೂನು ಮಾತ್ರ ಸಿದ್ಧವಿರಲಿಲ್ಲ. ಸಾವಿರಾರು ಅಂಗಡಿಗಳು ಎದ್ದ ಮೇಲೆ, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಕಡ್ಡಾಯವೆಂದು ಹೇಳಬೇಕಾಯಿತು. 2013ರಲ್ಲೇ ಕಾನೂನು ತಂದ ಉರುಗ್ವೆ ಹಾಗೆ ಮಾಡಲಿಲ್ಲ: ಹೆಸರು ನೋಂದಾಯಿಸಿದ ನಿವಾಸಿಗೆ ಔಷಧಾಲಯದಲ್ಲಿ ತಿಂಗಳಿಗೆ 40 ಗ್ರಾಂವರೆಗೆ ಮಾತ್ರ, ಜಾಹೀರಾತಿಗೆ ಅವಕಾಶವೇ ಇಲ್ಲ. ಮದ್ಯದ ಅಬಕಾರಿ ಆದಾಯದ ಮೇಲೆ ನಮ್ಮ ಖಜಾನೆ ಎಷ್ಟು ನೆಚ್ಚಿಕೊಂಡಿದೆ ಎಂಬುದನ್ನು ಪ್ರತಿ ಬಜೆಟ್‌ನಲ್ಲೂ ಕಾಣುತ್ತಿರುವಾಗ, ಗಾಂಜಾದ ಲಾಭವನ್ನೂ ಅದೇ ಖಜಾನೆಗೆ ಕೊಟ್ಟು, ಸೇವನೆಯನ್ನು ತಗ್ಗಿಸಿ ಎಂದು ಅದರಿಂದಲೇ ಅಪೇಕ್ಷಿಸಲು ನನಗೆ ಧೈರ್ಯವಿಲ್ಲ.

ಮಗನ ವಿಷಯಕ್ಕೆ ಬರೋಣ. ಹದಿಹರೆಯದಿಂದಲೇ ಹೆಚ್ಚಾಗಿ ಸೇದುವವರಲ್ಲಿ, ಅದರಲ್ಲೂ ಮನೆತನದಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದರೆ, ಭ್ರಮೆ ಮತ್ತು ಚಿತ್ತವಿಕಲತೆಯ ಅಪಾಯ ಹೆಚ್ಚು. ನಿಮ್ಮ ಎರಡೂ ಕಡೆಯ ಬಂಧುಗಳಲ್ಲಿ ಹಾಗಿದ್ದರೆ ಅದನ್ನು ಅವನಿಂದ ಮುಚ್ಚಿಡಬೇಡಿ. ಎಷ್ಟು ದಿನಕ್ಕೊಮ್ಮೆ, ಯಾರ ಜೊತೆ, ನಿದ್ದೆ ಬರಲೆಂದೋ ಸಂತೋಷಕ್ಕೋ ಎಂದು ಕೂಗಾಡದೆ ಕೇಳಿ. ನಿದ್ದೆಗಾಗಿ ಎಂದರೆ ಮನೋವೈದ್ಯರನ್ನು ಕಾಣಲು ತಡಮಾಡಬೇಡಿ.

ಪ್ರಶ್ನೆ: ಇಲ್ಲಿ ಕಾನೂನುಬದ್ಧವಾಗಿ ಕೊಂಡ ಗಾಂಜಾ ಮಿಠಾಯಿಯನ್ನು ಊರಿಗೆ ಬರುವಾಗ ತರಬಹುದೇ? ಬೆನ್ನುನೋವಿಗೆ ಬಳಸುತ್ತೇನೆ.
– ಒಬ್ಬ ಓದುಗ, ಟೊರಾಂಟೊ

ಉತ್ತರ: ಖಂಡಿತ ಬೇಡ. ವೈದ್ಯರ ಪತ್ರವಿದ್ದರೂ ಪ್ರತ್ಯೇಕ ಅನುಮತಿಯಿಲ್ಲದೆ ಗಾಂಜಾವನ್ನು ಗಡಿ ದಾಟಿಸುವುದು ಕೆನಡಾದ ಕಾನೂನಿನಲ್ಲೇ ಅಪರಾಧ. ಭಾರತಕ್ಕೆ ತರುವುದು ಇಲ್ಲಿ ಆಮದಿನ ಪ್ರತ್ಯೇಕ ಅಪರಾಧ. ಅಂಗಡಿಯ ರಸೀದಿ ತೋರಿಸಿದರೂ ಕಸ್ಟಮ್ಸ್ ಅಧಿಕಾರಿ ಬಿಡುವುದಿಲ್ಲ. ನೋವಿಗೆ ಇಲ್ಲಿ ಸಿಗುವ ಬದಲಿ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಕೋಟಿನ ಜೇಬು, ಬ್ಯಾಗಿನ ಒಳಪದರಗಳನ್ನು ಒಮ್ಮೆ ಕೊಡವಿ ನೋಡಿಕೊಳ್ಳಿ.