ವಿಟಮಿನ್ ‘ಇ’ ಆದ ಮೇಲೆ ನೇರ ‘ಕೆ’ ಬರುವುದೇಕೆ?

ಮಗಳ ವಿಜ್ಞಾನ ಪಾಠದಲ್ಲಿ ಎ, ಬಿ, ಸಿ, ಡಿ, ಇ ಮುಗಿದ ಕೂಡಲೇ ಕೆ ಬಂದಿದೆ, ನಡುವಿನ ಅಕ್ಷರಗಳು ಏನಾದವು, ಬಿ12 ಇರುವಾಗ ಬಿ4 ಏಕಿಲ್ಲ ಎಂದು ಕೇಳಿದ್ದೀರಿ. ಮಲ್ಲೇಶ್ವರದಲ್ಲಿ ಔಷಧದ ಅಂಗಡಿ ಇಟ್ಟುಕೊಂಡು ದಿನವಿಡೀ ಈ ಅಕ್ಷರಗಳನ್ನೇ ಮಾರುವವನು ನಾನು. ಗಿರಾಕಿಗಳು ಬೆಲೆ ಕೇಳುತ್ತಾರೆ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಾರೆ. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

1912ರಲ್ಲಿ ಲಂಡನ್ನಿನಲ್ಲಿದ್ದ ಪೋಲೆಂಡ್ ಮೂಲದ ವಿಜ್ಞಾನಿ ಕ್ಯಾಸಿಮಿರ್ ಫಂಕ್, ಅಕ್ಕಿಯ ತೌಡಿನಲ್ಲಿ, ನರಗಳನ್ನೂ ಹೃದಯವನ್ನೂ ಕೆಡಿಸುವ ಬೆರಿಬೆರಿ ರೋಗವನ್ನು ತಡೆಯುವ ಅಂಶಕ್ಕಾಗಿ ಹುಡುಕುತ್ತಿದ್ದರು. ಜೀವಕ್ಕೆ ಬೇಕಾದ ಅಮೈನ್ (ಸಾರಜನಕವಿರುವ ಒಂದು ಬಗೆಯ ರಾಸಾಯನಿಕ) ಎಂಬ ಅರ್ಥದಲ್ಲಿ ‘ವಿಟಮೈನ್’ ಎಂಬ ಹೆಸರು ಅವರದು. ಇಂಥ ಎಲ್ಲ ವಸ್ತುಗಳೂ ಅಮೈನ್‌ಗಳಲ್ಲ ಎಂದು ಆಮೇಲೆ ತಿಳಿಯಿತು. 1920ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜ್ಯಾಕ್ ಡ್ರಮಂಡ್ ಆ ಹೆಸರಿನ ಬಾಲ ಕತ್ತರಿಸಿ ‘ವಿಟಮಿನ್’ ಮಾಡಿದರು. ಒಂದೊಂದರ ನಿಜವಾದ ರಾಸಾಯನಿಕ ಸ್ವರೂಪ ಗೊತ್ತಾಗುವವರೆಗೆ ಎ, ಬಿ, ಸಿ ಎಂದು ಕರೆದರಾಯಿತು ಎಂಬ ಸಲಹೆಯೂ ಅವರದೇ. ತಾತ್ಕಾಲಿಕ ಏರ್ಪಾಡು! ಸ್ವರೂಪಗಳೆಲ್ಲ ಗೊತ್ತಾಗಿ ಎಷ್ಟೋ ಕಾಲವಾದರೂ ಅಕ್ಷರಗಳು ಜಾಗ ಬಿಟ್ಟಿಲ್ಲ.

ಮುಂದಿನ ಅಕ್ಷರಗಳನ್ನು ಹೊಸದು ಸಿಕ್ಕ ಹಾಗೆ ಹಂಚುತ್ತಾ ಹೋದರು. ಹಂಚಿದ್ದರಲ್ಲಿ ಕೆಲವನ್ನು ಹಿಂದಕ್ಕೆ ಪಡೆಯಬೇಕಾಯಿತು. ‘ಎಫ್’ ಎಂದು ಕರೆದದ್ದು ಎಣ್ಣೆಗಳಲ್ಲಿರುವ ಅಗತ್ಯ ಕೊಬ್ಬಿನಾಮ್ಲಗಳನ್ನು. ವಿಟಮಿನ್ ಎಂದರೆ ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕಾಗುವ ವಸ್ತು. ಇವು ಗ್ರಾಂಗಟ್ಟಲೆ ಬೇಕು. ಹಾಗಾಗಿ ಕೊಬ್ಬಿನ ಸಾಲಿಗೇ ಸೇರಿದವು. ‘ಜಿ’ ಎಂದು ಅಮೆರಿಕದವರು ಕರೆಯುತ್ತಿದ್ದುದು ರೈಬೋಫ್ಲೇವಿನ್ ಅನ್ನು. ಅದೇ ಈಗಿನ ಬಿ2. ‘ಎಚ್’ ಎಂದರೆ ಬಯೋಟಿನ್, ಜರ್ಮನ್ ಭಾಷೆಯಲ್ಲಿ ಚರ್ಮಕ್ಕಿರುವ ‘ಹೌಟ್’ ಎಂಬ ಪದದ ಮೊದಲಕ್ಷರ. ಕೂದಲು ಉದುರುತ್ತಿದೆ ಎಂದು ಇಂದು ಅರ್ಧ ಬೆಂಗಳೂರು ನುಂಗುತ್ತಿರುವ ಬಿ7 ಮಾತ್ರೆ ಅದೇ.

ಇನ್ನು ‘ಕೆ’. ಅದು ಸರತಿಯಲ್ಲಿ ನಿಂತು ಬಂದದ್ದೇ ಅಲ್ಲ. ಡೆನ್ಮಾರ್ಕಿನ ಹೆನ್ರಿಕ್ ಡಾಮ್, ಕೋಳಿಮರಿಗಳಲ್ಲಿ ರಕ್ತ ಹೆಪ್ಪುಗಟ್ಟದಿರುವುದನ್ನು ಗಮನಿಸಿ ಇದನ್ನು ಕಂಡುಹಿಡಿದರು. ಹೆಪ್ಪುಗಟ್ಟುವುದಕ್ಕೆ ಜರ್ಮನ್ ಭಾಷೆಯಲ್ಲಿ ‘ಕೊಆಗುಲಾತ್ಸಿಯೋನ್’ ಎನ್ನುತ್ತಾರೆ, ಅದರ ಮೊದಲಕ್ಷರ ಕೆ. ಹುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವ ಚುಚ್ಚುಮದ್ದುಗಳಲ್ಲಿ ಇದೂ ಒಂದು. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ತಿನ್ನಬಹುದು, ಆದರೆ ಒಂದು ವಾರ ದಿನಾ ಬಸ್ಸಾರು, ಮರುವಾರ ಸೊಪ್ಪೇ ಇಲ್ಲ ಎಂದಾಗಬಾರದು. ಸೊಪ್ಪಿನಲ್ಲಿ ತುಂಬಿರುವ ಕೆ ವಿಟಮಿನ್ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ.

ಬಿ ಗುಂಪಿನ ಸಂಖ್ಯೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಮೊದಲು ಬಿ ಒಂದೇ ಎಂದುಕೊಂಡಿದ್ದರು. ಬಿಸಿ ಮಾಡಿದಾಗ ಬೆರಿಬೆರಿ ತಡೆಯುವ ಗುಣ ಹಾಳಾಗಿ, ಇನ್ನೊಂದು ಗುಣ ಉಳಿಯಿತು. ಹಾಗೆ ಒಡೆದು ಒಡೆದು ಹಲವಾಯಿತು. ‘ಬಿ ಕಾಂಪ್ಲೆಕ್ಸ್’ ಎಂಬ ಹೆಸರು ಬಂದದ್ದು ಹೀಗೆ. ಬಿ4, ಬಿ8 ಎಂದು ಕರೆದ ವಸ್ತುಗಳನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆಂದು ತಿಳಿದಾಗ ಅವುಗಳನ್ನು ಪಟ್ಟಿಯಿಂದ ಕೈಬಿಟ್ಟರು. ನಮ್ಮ ಬಡಾವಣೆಗಳಲ್ಲಿ ಆರನೇ ಅಡ್ಡರಸ್ತೆ ದಾಟಿದರೆ ಒಂಬತ್ತನೆಯದು ಸಿಗುವಂತೆ, ಉಳಿದವುಗಳ ಸಂಖ್ಯೆ ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಈಗ ಇರುವುದು 1, 2, 3, 5, 6, 7, 9, 12, ಒಟ್ಟು ಎಂಟು. ಎ, ಸಿ, ಡಿ, ಇ, ಕೆ ಸೇರಿದರೆ ಹದಿಮೂರು. ಪರೀಕ್ಷೆಗೆ ಮಗಳು ಇಷ್ಟು ಬರೆದರೆ ಸಾಕು. ಪುಸ್ತಕದಲ್ಲಿ ಜೀವಸತ್ವ ಎಂದಿರಲಿ, ನಮ್ಮ ಕಾಲದಂತೆ ಅನ್ನಾಂಗ ಎಂದಿರಲಿ, ಲೆಕ್ಕ ಅದೇ.

ಒಂದು ಎಚ್ಚರಿಕೆ. ಕ್ಯಾನ್ಸರ್ ಗುಣಪಡಿಸುವ ‘ವಿಟಮಿನ್ ಬಿ17’ ಎಂಬ ಮಾತು ಮೊಬೈಲ್ ಸಂದೇಶಗಳಲ್ಲಿ ಓಡಾಡುತ್ತಿರುತ್ತದೆ. ಅದು ಏಪ್ರಿಕಾಟ್ ಬೀಜದ ಅಮಿಗ್ಡಾಲಿನ್ ಎಂಬ ವಸ್ತುವಿಗೆ ಹತ್ತಿರದ್ದು. ವಿಟಮಿನ್ ಅಲ್ಲವೇ ಅಲ್ಲ, ಹೊಟ್ಟೆಯೊಳಗೆ ಸಯನೈಡ್ ಬಿಡುತ್ತದೆ. ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.