ಕೋಳಿ, ಮೇಕೆ, ಸೋಪು, ಇಬ್ಬರು ಮಕ್ಕಳು: ಯಾವುದು ಮೊದಲು?

ನಿಮ್ಮ ಪ್ರಶ್ನೆ ಓದಿದೆ. ಸ್ವಲ್ಪ ಜಾಗ ಇದೆ. ಎಂಟು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ನಿಮ್ಮಿಬ್ಬರಲ್ಲಿ ಒಬ್ಬರು ಹೊರಗೆ ಕೆಲಸಕ್ಕೆ ಹೋಗುತ್ತೀರಿ. ಈ ವರ್ಷವೇ ಕೋಳಿ, ಎರಡು ಮೇಕೆ, ಮೇಕೆ ಹಾಲಿನ ಸೋಪು, ಉಣ್ಣೆ ನೂಲುವುದು ಎಲ್ಲ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಆದರೆ ಒಟ್ಟಿಗೆ ಬೇಡ. ನಾವು ಒಟ್ಟಿಗೆ ಶುರು ಮಾಡಿ ಒದ್ದಾಡಿದವರು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಜಾಗ ಎಷ್ಟು, ದುಡ್ಡು ಎಷ್ಟು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಯಾರ ಕೈ ಖಾಲಿ ಇರುತ್ತದೆ ಅಂತ ನೋಡುವವರು ಕಮ್ಮಿ. ಪ್ರಾಣಿಗಳ ಕೆಲಸ ಬೀಳುವುದು ಆ ಹೊತ್ತಿಗೇ. ಅಡುಗೆಯೂ ಆಗಲೇ, ಮಕ್ಕಳ ಸ್ಕೂಲ್ ಬ್ಯಾಗ್ ಹುಡುಕುವುದೂ ಆಗಲೇ. ಒಂದು ಹಾಳೆ ತೆಗೆದುಕೊಂಡು ತರಬೇಕೆಂದಿರುವ ಪ್ರಾಣಿಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ, ನಿಮಗೆ ಜ್ವರ ಬಂದು ಮಲಗಿದ ದಿನ ಅದನ್ನು ನೋಡಿಕೊಳ್ಳುವವರ ಹೆಸರು ಬರೆಯಿರಿ. ಹೆಸರು ಬರೆಯಲು ಆಗದ ಪ್ರಾಣಿಯನ್ನು ಈ ವರ್ಷ ತರಬೇಡಿ.

ಈ ಪರೀಕ್ಷೆಯಲ್ಲಿ ಕೋಳಿ ಸುಲಭವಾಗಿ ಪಾಸಾಗುತ್ತದೆ. ಬೆಳಗ್ಗೆ ಗೂಡು ತೆಗೆಯುವುದು, ನೀರು, ಆಹಾರ, ಕತ್ತಲಾದ ಮೇಲೆ ಎಣಿಸಿ ಬಾಗಿಲು ಹಾಕುವುದು, ಅಷ್ಟೇ. ಆರು ಹೇಂಟೆಗಳಿಂದ ಶುರು ಮಾಡಿ. ಮೊಟ್ಟೆ ಇಡುವ ಹೇಂಟೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ತಿನ್ನುತ್ತದೆ. ಅಂದರೆ ಆರಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 20 ಕೆಜಿ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸಬೇಕಾದರೆ ಮಾತ್ರ ಬೇಕು. ಹಾಗೇ, ಹಗಲು ಚಿಕ್ಕದಾದಾಗ ಅಥವಾ ಪುಕ್ಕ ಉದುರುವಾಗ ಮೊಟ್ಟೆ ಕಮ್ಮಿಯಾಗುತ್ತದೆ, ಕೆಲವು ಸಲ ನಿಂತೇ ಹೋಗುತ್ತದೆ. ಕೋಳಿಗೆ ಕಾಯಿಲೆ ಅಂತ ಗಾಬರಿ ಬೀಳಬೇಡಿ.

ಚಿಕ್ಕ ಮರಿ ತರುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಗಂಡು ಹೆಣ್ಣು ಬೇರೆ ಮಾಡದ ಮರಿಗಳನ್ನು ತಂದರೆ ಹೆಚ್ಚುಕಮ್ಮಿ ಅರ್ಧ ಹುಂಜಗಳೇ ಆಗುತ್ತವೆ. ನಮ್ಮಲ್ಲಿ ಎಂಟರಲ್ಲಿ ಐದು ಹುಂಜ ಆದವು! ಅಷ್ಟರಲ್ಲಿ ಮಗಳು ಎಲ್ಲಕ್ಕೂ ಹೆಸರಿಟ್ಟಿದ್ದಳು. ನಾಲ್ಕನ್ನು ಕಳಿಸಿಕೊಟ್ಟ ದಿನ ಅವಳು ಊಟ ಮಾಡಲಿಲ್ಲ, ನನಗೂ ಗಂಟಲಲ್ಲಿ ಇಳಿಯಲಿಲ್ಲ. ಯಾವುದು ಮನೆಯಲ್ಲಿ ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ಮರಿ ತಂದ ದಿನವೇ ಮಕ್ಕಳಿಗೆ ಹೇಳಿಬಿಡಿ.

ಗೂಡಿನ ವಿಷಯದಲ್ಲಿ ಒಂದೇ ಮಾತು. ಕೈಯಲ್ಲೇ ಬಗ್ಗುವ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ ಹಾಕಿ. ಬುಡದಲ್ಲಿ ಒಂದು ಅಡಿ ಹೊರಗೆ ಮಡಚಿ ಮಣ್ಣು ಮುಚ್ಚಿ, ಕೆರೆದು ನುಗ್ಗಲು ಆಗುವುದಿಲ್ಲ.

ಮೇಕೆಯ ಕಥೆ ಬೇರೆ. ಒಂಟಿ ಮೇಕೆ ಹಗಲೂ ರಾತ್ರಿ ಕೂಗುತ್ತದೆ, ಅದಕ್ಕೆ ಜೊತೆ ಬೇಕೇ ಬೇಕು. ಹಾಗಾಗಿ ಎರಡು ಅಂತ ನೀವು ಯೋಚಿಸಿದ್ದು ಸರಿ. ಆದರೆ ಹಾಲು ಬರುವುದು ಈದ ಮೇಲೆ. ಗಬ್ಬ ಕಟ್ಟಿದ ಮೇಲೆ ಸುಮಾರು 150 ದಿನ ಕಾಯಬೇಕು. ಮುಂದಿನ ಸಲ ಈಯುವ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು. ವರ್ಷಪೂರ್ತಿ ಹಾಲು ಅನ್ನುವ ಲೆಕ್ಕ ಎರಡು ಮೇಕೆಯಲ್ಲಿ ಸುಲಭಕ್ಕೆ ಕೂಡುವುದಿಲ್ಲ.

ದಿನಕ್ಕೆ ಎರಡು ಸಲ ಹಾಲು ಕರೆಯುವುದೇ ಸಂಸಾರವನ್ನು ಸುಸ್ತು ಮಾಡುವ ಕೆಲಸ. ಮೊದಲ ವರ್ಷ ನಾವು ಒಂದು ಮದುವೆಗೂ ನೆಟ್ಟಗೆ ಹೋಗಲಿಲ್ಲ. ಊಟದ ಪಂಕ್ತಿಯಿಂದ ನಮ್ಮನೆಯವರು ಎದ್ದು ಓಡಿ ಬಂದದ್ದೂ ಇದೆ. ಆಮೇಲೆ ಹಾಲನ್ನು ಮರಿಗಳ ಜೊತೆ ಪಾಲು ಮಾಡಿಕೊಂಡೆವು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಮರಿಗೆ ಗಿಣ್ಣುಹಾಲು ಸಿಗಬೇಕು, ಆಗ ನಾವು ಕೈ ಹಾಕುವುದಿಲ್ಲ. ಮೊದಲ ಎರಡು ಮೂರು ವಾರ ತಾಯಿಯ ಜೊತೆಯೇ ಬಿಡುತ್ತೇವೆ. ಮರಿ ಗಟ್ಟಿಯಾಗಿ ಮೇವು ಕಡಿಯಲು ಶುರು ಮಾಡಿದ ಮೇಲೆ ರಾತ್ರಿ ಮಾತ್ರ ಪಕ್ಕದಲ್ಲೇ ಬೇರೆಯಾಗಿ, ತಾಯಿಗೆ ಕಾಣುವಂತೆ ಕಟ್ಟುತ್ತೇವೆ. ಬೆಳಗ್ಗೆ ನಾವು ಕರೆದುಕೊಳ್ಳುತ್ತೇವೆ, ಹಗಲೆಲ್ಲ ಮರಿ ಕುಡಿಯುತ್ತದೆ. ಸಂಜೆ ಕರೆಯುವ ಗೋಳೇ ಇಲ್ಲ. ಊರಿಗೆ ಹೋಗಬೇಕಾದ ದಿನ ರಾತ್ರಿ ಬೇರೆ ಮಾಡದಿದ್ದರೆ ಬೆಳಗಿನ ಸರದಿಯನ್ನೂ ಮರಿಯೇ ಮುಗಿಸುತ್ತದೆ. ನೀರು, ಮೇವಿಗೆ ಪಕ್ಕದ ಮನೆಯವರಿಗೆ ಹೇಳಿದರೆ ಆಯಿತು. ಹಾಲು ಕಮ್ಮಿ ಸಿಗುತ್ತದೆ, ನಿಜ. ಆದರೆ ಸಂಜೆ ಮನೆಯಲ್ಲಿ ಸಿಡುಕು ಕಮ್ಮಿಯಾಯಿತು.

ಕರೆಯುವಾಗ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟಲಿಗೆ ಬಿಡಿ. ಗಂಟು, ನೂಲಿನಂಥದ್ದು ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಅಂತ ಲೆಕ್ಕ. ಅವತ್ತೇ ಪಶುವೈದ್ಯರನ್ನು ಕೇಳಿ.

ಮಕ್ಕಳ ಕೆಲಸ: ದೊಡ್ಡ ಮಗುವಿಗೆ ಮೊಟ್ಟೆ ಎತ್ತುವುದು, ನೀರಿನ ಪಾತ್ರೆ ತೊಳೆಯುವುದು ಕೊಡಿ. ನಾಲ್ಕು ವರ್ಷದ ಮಗುವನ್ನು ಪ್ರಾಣಿಗಳ ಬಳಿ ಒಂಟಿಯಾಗಿ ಬಿಡಬೇಡಿ. ಕೋಳಿಮರಿಗಳಿಗೆ ಮುತ್ತಿಡಲು, ಅವನ್ನು ಮುಖಕ್ಕೆ ಒತ್ತಿಕೊಳ್ಳಲು ಬಿಡಬೇಡಿ. ನೋಡಲು ಆರೋಗ್ಯವಾಗಿರುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಐದು ವರ್ಷದ ಒಳಗಿನ ಮಕ್ಕಳಿಗೆ ಅದು ಜಾಸ್ತಿ ಅಪಾಯ. ಗೂಡಿನ ಪಕ್ಕದಲ್ಲೇ ನಲ್ಲಿ, ಸೋಪು ಇಡಿ. ಒಳಗೆ ಬಂದು ತೊಳೆದುಕೋ ಅಂದರೆ ಮಕ್ಕಳು ಮರೆಯುತ್ತಾರೆ.

ಇನ್ನು ಕೈಕೆಲಸ. ನನ್ನ ಪ್ರಕಾರ ಇದರಲ್ಲಿ ಎರಡೇ ಜಾತಿ: ನಡುವೆ ಬಿಟ್ಟು ಏಳಬಹುದಾದದ್ದು, ಏಳಲಾಗದ್ದು. ತಕಲಿಯಲ್ಲಿ ನೂಲುವುದು, ಹೆಣಿಗೆ ಎಲ್ಲ ಮೊದಲನೆಯ ಜಾತಿ. ಮೇಕೆ ಬೇಲಿ ಹಾರಿದರೆ ಕೈಯಲ್ಲಿದ್ದದ್ದನ್ನು ಬುಟ್ಟಿಗೆ ಹಾಕಿ ಓಡಬಹುದು. ಇದನ್ನು ಈ ವಾರವೇ ಶುರು ಮಾಡಿ. ಕುರಿ ಬೇಕಿಲ್ಲ, ತೊಳೆದು ಹಿಂಜಿದ ಉಣ್ಣೆ ಕೊಂಡರೆ ಸಾಕು. ಮುಂದೆ ಹಸಿ ಉಣ್ಣೆ ಸಿಕ್ಕಿದರೆ ಬಿಸಿ ನೀರಲ್ಲಿ ಸುಮ್ನೆ ನೆನೆಸಿಡಿ, ತಿಕ್ಕಬೇಡಿ. ತಿಕ್ಕಿದರೆ ಗಂಟುಕಟ್ಟಿ ಕಂಬಳಿಯ ತುಂಡಿನಂತಾಗುತ್ತದೆ.

ಸೋಪು ಎರಡನೆಯ ಜಾತಿ. ಎಣ್ಣೆಯನ್ನು ಸೋಪಾಗಿಸುವ, ಚರ್ಮ ಸುಡುವ ಕಾಸ್ಟಿಕ್ ಸೋಡಾ ಕೈಯಲ್ಲಿರುವಾಗ ಮಗು ಕರೆದರೆ ಏಳುವ ಹಾಗಿಲ್ಲ. ಮಕ್ಕಳು ಮನೆಯಲ್ಲಿಲ್ಲದ ದಿನ, ಕೈಗವಸು, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಕಡೆ ಮಾಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಎಣ್ಣೆ, ಸೋಡಾ ಎಲ್ಲ ತಕ್ಕಡಿಯಲ್ಲಿ ತೂಗಿಯೇ ಹಾಕಿ, ಲೋಟದ ಅಳತೆ ನಡೆಯುವುದಿಲ್ಲ. ಸೋಡಾವನ್ನು ನೀರಿಗೋ ಹಾಲಿಗೋ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಮೇಕೆ ಹಾಲನ್ನು ಮೊದಲು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಕಲಸಿ. ಬಿಸಿ ಏರಿದರೆ ಹಾಲು ಸೀದು ಕಂದು ಬಣ್ಣಕ್ಕೆ ತಿರುಗುತ್ತದೆ, ವಾಸನೆಯೂ ಕೆಟ್ಟದು. ಅಚ್ಚಿನಿಂದ ತೆಗೆದು ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಒಣಗಲು ಬಿಡಿ. ನಿಮ್ಮ ಮೇಕೆ ಈಯುವವರೆಗೆ ಕಾಯಬೇಡಿ, ಕೊಂಡ ಹಾಲಿನಲ್ಲೇ ಕೈ ಕುದುರಿಸಿಕೊಳ್ಳಿ.

ಹಾಗಾದರೆ ಈ ವರ್ಷ ಕೋಳಿ ಮತ್ತು ತಕಲಿ, ಬರುವ ವರ್ಷ ಮೇಕೆ. ಕೊಳ್ಳಲು ಹೋಗುವಾಗ ಕರೆಯುವ ಹೊತ್ತಿಗೇ ಹೋಗಿ, ನೀವೇ ಕೂತು ಕರೆದು ನೋಡಿ. ಕೈಯಿಂದ ಕರೆಸಿಕೊಂಡು ಅಭ್ಯಾಸವಿದ್ದ ಮೇಕೆಯನ್ನೇ ತನ್ನಿ. ನಮ್ಮ ಮೊದಲನೆಯದಕ್ಕೆ ಆ ಅಭ್ಯಾಸ ಇರಲಿಲ್ಲ. ನನಗೂ ಇರಲಿಲ್ಲ. ಎರಡು ವಾರ ಹಾಲೆಲ್ಲ ನೆಲದ ಪಾಲಾಯಿತು.