ಟಸ್ಕನಿಯ ಹಳ್ಳಿಗೆ ಹೋಗುವುದಾದರೆ ವಿಮಾನದ ಟಿಕೆಟ್ ಕೊನೆಗೆ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಗಂಡ, ಹೆಂಡತಿ, ಅತ್ತೆ, ಮಾವ, ಆರು ವರ್ಷದ ಮಗಳು, ಒಟ್ಟು ಐದು ಜನ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಹೊರಟು ಇಟಲಿಯ ಟಸ್ಕನಿ ಪ್ರಾಂತ್ಯದ ಪಿಯೆಂಜಾ ಹತ್ತಿರ ಒಂದು ತೋಟದ ಮನೆಯಲ್ಲಿ ವಾರ ಇರಬೇಕು. ರೋಮ್‌ಗೆ ಟಿಕೆಟ್ ಅಗ್ಗ, ಫ್ಲಾರೆನ್ಸ್‌ಗೆ ಜಾಸ್ತಿ. ಯಾವುದಕ್ಕೆ ಬುಕ್ ಮಾಡಬೇಕು, ಕಾರು ಬೇಕೇ ಬೇಕಾ, ರೈಲು ಬಸ್ಸಿನಲ್ಲೇ ಮುಗಿಸಬಹುದಾ ಅಂತ ಕೇಳಿದ್ದೀರಿ.

ನಾನು ಕೆಲಸದ ಮೇಲೆ ಫ್ಲಾರೆನ್ಸ್‌ನಲ್ಲಿ ಕೆಲವು ವರ್ಷ ಇದ್ದವನು. ಊರಿನಿಂದ ನೆಂಟರು ಯಾರೇ ಬಂದರೂ ಅವರ ಓಡಾಟದ ಲೆಕ್ಕ ಹಾಕಿಕೊಡುವುದು ನನ್ನ ತಲೆಗೇ ಬರುತ್ತಿತ್ತು. ಹೆಚ್ಚಿನವರು ಮೊದಲು ಅಗ್ಗದ ವಿಮಾನ ಹುಡುಕಿ, ಟಿಕೆಟ್ ತೆಗೆದುಕೊಂಡು, ಆಮೇಲೆ "ಇಲ್ಲಿಂದ ಹಳ್ಳಿಗೆ ಹೇಗೆ ಹೋಗೋದು?" ಅಂತ ಫೋನ್ ಮಾಡುತ್ತಿದ್ದರು. ಹಳ್ಳಿಗೆ ಹೋಗುವವರು ಇದನ್ನು ತಿರುವು ಮುರುವು ಮಾಡಬೇಕು. ಮೊದಲು ಮನೆ, ಆಮೇಲೆ ಮನೆಗೆ ಹತ್ತಿರದ ಸ್ಟೇಷನ್, ಆಮೇಲೆ ಏರ್‌ಪೋರ್ಟ್. ವಿಮಾನ ಕಟ್ಟಕಡೆಗೆ.

ನಿಮ್ಮ ವಿಷಯದಲ್ಲಿ ಅದನ್ನೇ ಮಾಡಿ ನೋಡೋಣ. ಪಿಯೆಂಜಾಗೆ ರೈಲಿಲ್ಲ. ರೋಮ್–ಫ್ಲಾರೆನ್ಸ್ ಮುಖ್ಯ ಮಾರ್ಗದಲ್ಲಿರುವ ಕ್ಯೂಸಿ ಅನ್ನುವ ಸ್ಟೇಷನ್ನೇ ನಿಮಗೆ ಅನುಕೂಲ. ಅಲ್ಲಿಂದ ಪಿಯೆಂಜಾ ಸುಮಾರು 35 ಕಿಲೋಮೀಟರ್. ಮ್ಯಾಪ್‌ನಲ್ಲಿ "ಮೊಂತೆಪುಲ್ಚಾನೊ" ಅಂತಲೂ ಒಂದು ಸ್ಟೇಷನ್ ಕಾಣುತ್ತದೆ. ಅದನ್ನು ನಂಬಿ ಇಳಿಯಬೇಡಿ. ಊರು ಇರುವುದು ಗುಡ್ಡದ ಮೇಲೆ, ಸ್ಟೇಷನ್ ಇರುವುದು ಹತ್ತು ಕಿಲೋಮೀಟರ್ ಆಚೆ ಬಯಲಿನಲ್ಲಿ. ಅಲ್ಲಿ ಇಳಿದರೆ ಆಟೋ ಇರಲಿ, ಕೇಳೋಣ ಅಂದರೆ ಜನವೂ ಸಿಗುವುದು ಕಷ್ಟ.

ಕ್ಯೂಸಿಯಿಂದ ಮೊಂತೆಪುಲ್ಚಾನೊಗೆ, ಅಲ್ಲಿಂದ ಪಿಯೆಂಜಾಗೆ ಬಸ್ಸು ಇದೆ. ಟಸ್ಕನಿ ಪೂರ್ತಿಯ ಬಸ್ಸುಗಳನ್ನು 2021ರ ನವೆಂಬರ್‌ನಿಂದ ಔಟೊಲೀನೆ ಟೊಸ್ಕಾನೆ ಅನ್ನುವ ಒಂದೇ ಕಂಪನಿ ಓಡಿಸುತ್ತಿದೆ. ಆದರೆ ಈ ಹಳ್ಳಿ ಬಸ್ಸುಗಳು ಬಹುಪಾಲು ಸ್ಕೂಲು ಮಕ್ಕಳ ಮತ್ತು ಕೆಲಸಕ್ಕೆ ಹೋಗುವವರ ಸಮಯಕ್ಕೆ ಹೊಂದಿಸಿರುವಂಥವು. ಭಾನುವಾರ ತೀರಾ ಕಡಿಮೆ. ಮೇ 1 ಅಲ್ಲಿ ದೊಡ್ಡ ರಜೆ, ಅವತ್ತಂತೂ ಬಸ್ಸಿನ ಮೇಲೆ ಯಾವ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಟೈಂಟೇಬಲ್‌ನಲ್ಲಿ "ಫೆರಿಯಾಲೆ" ಅಂತಿದ್ದರೆ ಸೋಮವಾರದಿಂದ ಶನಿವಾರದವರೆಗೆ, "ಫೆಸ್ತಿವೊ" ಅಂದರೆ ಭಾನುವಾರ ಮತ್ತು ಹಬ್ಬದ ದಿನ. ಇನ್ನು ಬಸ್ಸು ನಿಮ್ಮನ್ನು ಊರಿನಲ್ಲಿ ಇಳಿಸುತ್ತದೆ. ತೋಟದ ಮನೆ ಊರಿನಿಂದ ಮೂರೋ ನಾಲ್ಕೋ ಕಿಲೋಮೀಟರ್ ಒಳಗೆ, ಬಿಳಿ ಜಲ್ಲಿಯ ರಸ್ತೆಯಲ್ಲಿ. ಮಾವನವರನ್ನು ಸೂಟ್‌ಕೇಸ್ ಎಳೆಸಿಕೊಂಡು ಆ ಏರಿನಲ್ಲಿ ನಡೆಸೋಕೆ ಆಗಲ್ಲ ಅಲ್ವಾ?

ಹಾಗಾಗಿ ನನ್ನ ಉತ್ತರ: ತೋಟದ ಮನೆಯೇ ಬೇಕು ಅಂದರೆ ಕಾರು ಬೇಕು. ಕಾರು ಬೇಡವೇ ಬೇಡ ಅಂದರೆ ತೋಟದ ಮನೆಯ ಆಸೆ ಬಿಟ್ಟು ಮೊಂತೆಪುಲ್ಚಾನೊ ಊರೊಳಗೆ ಮನೆ ಹಿಡಿಯಿರಿ. ಅಂಗಡಿ, ಹೋಟೆಲು, ಬಸ್ ಸ್ಟಾಪು ಎಲ್ಲ ಕಾಲಳತೆಯಲ್ಲಿ ಇರುತ್ತವೆ. ಮಧ್ಯೆ ಒಂದು ದಿನ ಡ್ರೈವರ್ ಸಮೇತ ವ್ಯಾನ್ ಮಾಡಿಕೊಂಡು ಪಿಯೆಂಜಾ, ಬಿಸಿನೀರಿನ ಕೊಳವೇ ಚೌಕವಾಗಿರುವ ಬಾನ್ಯೊ ವಿನ್ಯೋನಿ, ಮೊಂತಾಲ್ಚೀನೊ ನೋಡಿ ಬರಬಹುದು. ಅದು ಅಗ್ಗವಲ್ಲ. ಆದರೆ ವಾರದ ಕಾರು ಬಾಡಿಗೆ, ಟೋಲು, ಪಾರ್ಕಿಂಗು, ತಲೆನೋವು ಎಲ್ಲ ಕೂಡಿಸಿದರೆ ಐದು ಜನಕ್ಕೆ ಅಷ್ಟೇನೂ ದುಬಾರಿ ಅನ್ನಿಸುವುದಿಲ್ಲ.

ಕಾರು ಅಂತ ನಿರ್ಧಾರ ಮಾಡಿದರೆ ಮೊದಲ ಪ್ರಶ್ನೆ ಡಿಕ್ಕಿಯದು. ಅಲ್ಲಿ ಐದು ಸೀಟಿನ ಮಾಮೂಲಿ ಬಾಡಿಗೆ ಕಾರಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಹಿಡಿದರೆ ಪುಣ್ಯ. ನಿಮ್ಮ ಮಗಳಿಗೆ ಮಕ್ಕಳ ಸೀಟು ಕಡ್ಡಾಯ, 150 ಸೆಂಟಿಮೀಟರ್ ಎತ್ತರ ಬರುವವರೆಗೂ ಅದು ಅಲ್ಲಿನ ಕಾನೂನು. ಆ ಸೀಟಿನ ಪಕ್ಕ ಅತ್ತೆ ಮಾವ ಇಬ್ಬರೂ ಕೂತರೆ ಉಸಿರಾಡೋಕೂ ಜಾಗ ಇರಲ್ಲ. ಏಳು ಸೀಟಿನದು ನೋಡಿ, ಮೂರನೇ ಸಾಲು ಮಡಚಿ ಲಗೇಜು ಇಡಿ. ಆಟೋಮ್ಯಾಟಿಕ್ ಗೇರೇ ತೆಗೆದುಕೊಳ್ಳಿ. ಸ್ಟೇರಿಂಗ್ ಎಡಗಡೆ, ಓಡಿಸುವುದು ರಸ್ತೆಯ ಬಲಗಡೆ, ಅದರ ಮೇಲೆ ಬಲಗೈಯಲ್ಲಿ ಗೇರು ಹುಡುಕುವ ಕೆಲಸ ಬೇರೆ ಬೇಡ. ಏಳು ಸೀಟು ಮತ್ತು ಆಟೋಮ್ಯಾಟಿಕ್ ಎರಡೂ ಇರುವ ಕಾರು ಕಡಿಮೆ, ಹಾಗಾಗಿ ವಿಮಾನಕ್ಕಿಂತ ಮುಂಚೆಯೇ ಇದನ್ನು ಬುಕ್ ಮಾಡಿ. ಹೆಚ್ಚಿನ ಕಡೆ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗ್ ಸಿಗುತ್ತದೆ.

ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಡೆಬಿಟ್ ಕಾರ್ಡ್ ತೋರಿಸಿದರೆ ಕೌಂಟರಿನಲ್ಲೇ ವಾಪಸ್ ಕಳಿಸುವವರು ಇದ್ದಾರೆ. ಡಿಪಾಸಿಟ್ ಅಂತ ದೊಡ್ಡ ಮೊತ್ತವನ್ನೇ ಕಾರ್ಡಿನಲ್ಲಿ ಹಿಡಿದಿಡುತ್ತಾರೆ, ಲಿಮಿಟ್ ನೋಡಿಕೊಳ್ಳಿ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು. ಅದು ನಿಮ್ಮ ಆರ್‌ಟಿಒದಲ್ಲಿ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. "ನನ್ನ ಲೈಸೆನ್ಸ್ ಇಂಗ್ಲಿಷಿನಲ್ಲೇ ಇದೆಯಲ್ಲ" ಅನ್ನುವ ವಾದ ಅಲ್ಲಿನ ಪೊಲೀಸರ ಮುಂದೆ ನಡೆಯಲ್ಲ. ಕಾರು ಕೊಡುವಾಗ ಸುತ್ತ ಒಂದು ವಿಡಿಯೋ ತೆಗೆದುಕೊಳ್ಳಿ, ಚಕ್ರದ ರಿಮ್ಮನ್ನೂ ಬಿಡಬೇಡಿ. ನನ್ನ ಸ್ನೇಹಿತರೊಬ್ಬರಿಗೆ ಹಳೇ ಗೀರಿಗೆ ಹೊಸ ಬಿಲ್ಲು ಕಳಿಸಿದ್ದ ಒಂದು ಬಾಡಿಗೆ ಕಂಪನಿ ವಿಡಿಯೋ ನೋಡಿದ ಮೇಲೆ ಸುಮ್ನಾಯಿತು.

ಈಗ ವಿಮಾನಕ್ಕೆ ಬರೋಣ. ಎರಡು ದಾರಿ. ಒಂದು, ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೇಲೆ ಫ್ಲಾರೆನ್ಸ್‌ಗೆ. ಇನ್ನೊಂದು, ದುಬೈ, ದೋಹಾ ಅಥವಾ ಅಬುಧಾಬಿ ಮೇಲೆ ರೋಮ್‌ಗೆ. ಫ್ಲಾರೆನ್ಸ್ ಏರ್‌ಪೋರ್ಟ್ ಹಳ್ಳಿಗೆ ಹತ್ತಿರ, ನಿಜ. ಆದರೆ ಅದರ ರನ್‌ವೇ ಗಿಡ್ಡ, ಪಕ್ಕದಲ್ಲೇ ಬೆಟ್ಟ. ಗಾಳಿ ಜೋರಾದರೆ ವಿಮಾನವನ್ನು ಪೀಸಾಗೋ ಬೊಲೋನ್ಯಾಗೋ ತಿರುಗಿಸಿ, ಅಲ್ಲಿಂದ ಬಸ್ಸಿನಲ್ಲಿ ಕಳಿಸುತ್ತಾರೆ. ಜೊತೆಗೆ ಈ ದಾರಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಜರ್ಮನಿಯಲ್ಲೇ ಆಗುತ್ತದೆ, ಯಾಕೆಂದರೆ ಷೆಂಗೆನ್ (ಜರ್ಮನಿ, ಇಟಲಿ ಸೇರಿ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಕಾಲಿಡುವ ಮೊದಲ ಜಾಗ ಅದು. 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಶುರುವಾಗಿ, ಹೊರಗಿನವರ ಮುಖದ ಫೋಟೋ, ಬೆರಳಚ್ಚಿನ ಮಾಹಿತಿಯನ್ನು ಗಡಿಯಲ್ಲೇ ಕಂಪ್ಯೂಟರಿಗೆ ಸೇರಿಸುತ್ತಿದ್ದಾರೆ. ಸಾಲು ಉದ್ದವಾದರೆ ಒಂದೂಕಾಲು ಗಂಟೆಯ ಕನೆಕ್ಷನ್ ಕೈ ತಪ್ಪುತ್ತದೆ. ವಯಸ್ಸಾದವರು ಜೊತೆಗಿದ್ದರೆ ಎರಡೂವರೆ ಮೂರು ಗಂಟೆ ಅಂತರ ಇರುವ ಟಿಕೆಟ್ಟೇ ನೋಡಿ.

ಗಲ್ಫ್ ಮೇಲೆ ರೋಮ್‌ಗೆ ಹೋದರೆ ಆ ಸಾಲು ರೋಮ್‌ನಲ್ಲಿ ಬರುತ್ತದೆ. ಅಲ್ಲಿ ಒಂದು ಗಂಟೆ ನಿಂತರೂ ತಪ್ಪಿಹೋಗುವ ವಿಮಾನ ಯಾವುದೂ ಇರುವುದಿಲ್ಲ. ನಿಮ್ಮ ಕುಟುಂಬಕ್ಕೆ ನಾನು ಇದನ್ನೇ ಹೇಳುತ್ತೇನೆ. ಹೋಗುವುದು ಬರುವುದು ಎರಡೂ ಒಂದೇ ಊರಿನಿಂದ ಆಗಬೇಕು ಅಂತೇನೂ ಇಲ್ಲ. ಬುಕ್ ಮಾಡುವಾಗ "ಮಲ್ಟಿ ಸಿಟಿ" ಅಂತ ಒತ್ತಿ, ಹೋಗುವುದು ರೋಮ್‌ಗೆ, ವಾಪಸ್ ಬೊಲೋನ್ಯಾದಿಂದ ಅಂತ ಹಾಕಿ ನೋಡಿ. ಎಮಿರೇಟ್ಸ್ ಎರಡೂ ಊರಿಗೆ ಹಾರುತ್ತದೆ, ಹಾಗಾಗಿ ಒಂದೇ ಟಿಕೆಟ್‌ನಲ್ಲಿ ಮುಗಿಯುತ್ತದೆ. ಬೇರೆ ಬೇರೆ ಟಿಕೆಟ್ ಜೋಡಿಸಿ ನಾಲ್ಕು ಕಾಸು ಉಳಿಸೋಕೆ ಹೋಗಬೇಡಿ. ಮೊದಲನೆಯದು ತಡವಾದರೆ ಎರಡನೆಯವರು ನಿಮಗಾಗಿ ಕಾಯಲ್ಲ, ದುಡ್ಡೂ ಕೊಡಲ್ಲ.

ವೀಸಾ ಬಗ್ಗೆ ಎರಡೇ ಮಾತು. ಯಾವ ಊರಿನಲ್ಲಿ ವಿಮಾನ ಬದಲಿಸುತ್ತೀರಿ ಅನ್ನುವುದು ಲೆಕ್ಕಕ್ಕಿಲ್ಲ. ಜಾಸ್ತಿ ದಿನ ಇರುವುದು ಇಟಲಿಯಲ್ಲಿ, ಹಾಗಾಗಿ ಅರ್ಜಿ ಇಟಲಿಗೇ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕನಿಷ್ಠ 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಬೇಕು. ಲಂಡನ್ ಮೇಲೆ ಅಗ್ಗದ ಟಿಕೆಟ್ ಕಂಡರೆ ಹುಷಾರು, ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ.

ರೋಮ್‌ನಲ್ಲಿ ಇಳಿದ ದಿನವೇ ಕಾರು ಹತ್ತಬೇಡಿ. ಇದೊಂದು ಮಾತನ್ನು ಮಾತ್ರ ನಾನು ಹಟ ಹಿಡಿದು ಹೇಳುತ್ತೇನೆ. ಏರ್‌ಪೋರ್ಟಿನಿಂದ ಪಿಯೆಂಜಾ ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆ ಅಂತ ಮ್ಯಾಪ್ ಹೇಳುತ್ತದೆ. ಅದು ನಿದ್ದೆ ಮಾಡಿ ಎದ್ದವರ ಲೆಕ್ಕ. ರಾತ್ರಿಯೆಲ್ಲ ನಿದ್ದೆಗೆಟ್ಟು, ಹೊಸ ಕಾರು, ಉಲ್ಟಾ ರಸ್ತೆ, ರೋಮ್‌ನ ಸುತ್ತಲಿನ ರಿಂಗ್ ರೋಡು, ಹಿಂದೆ ಅಳುವ ಮಗು, ಇವೆಲ್ಲ ಸೇರಿದರೆ ಬೇರೆಯೇ ಕಥೆ.

ಅದರ ಬದಲು ರೋಮ್‌ಗೂ ಪಿಯೆಂಜಾಗೂ ನಡುವೆ ಇರುವ ಓರ್ವಿಯೆಟೊದಲ್ಲಿ ಒಂದು ರಾತ್ರಿ ಉಳಿಯಿರಿ. ಏರ್‌ಪೋರ್ಟಿನಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷಕ್ಕೆ ರೋಮ್‌ನ ಮುಖ್ಯ ಸ್ಟೇಷನ್ ತೆರ್ಮಿನಿಗೆ ತಲುಪಿಸುತ್ತದೆ, ದೊಡ್ಡವರ ತಲೆಗೆ 14 ಯೂರೋ. ಇನ್ನೂ ಅಗ್ಗ ಬೇಕೆಂದರೆ ಎಫ್‌ಎಲ್ 1 ಅನ್ನುವ ಲೋಕಲ್ ರೈಲು ತಿಬುರ್ತೀನಾ ಸ್ಟೇಷನ್ನಿಗೆ ಹೋಗುತ್ತದೆ. ಅಲ್ಲಿಂದ ಫ್ಲಾರೆನ್ಸ್ ಕಡೆಗೆ ಹೋಗುವ ರೆಜೊನಾಲೆ, ಅಂದರೆ ನಮ್ಮ ಪ್ಯಾಸೆಂಜರ್ ರೈಲು, ಸುಮಾರು ಒಂದೂಕಾಲು ಗಂಟೆಯಲ್ಲಿ ಓರ್ವಿಯೆಟೊ. ಈ ರೈಲಿಗೆ ಸೀಟು ರಿಸರ್ವ್ ಇಲ್ಲ, ಮುಂಚಿತವಾಗಿ ಟಿಕೆಟ್ ತೆಗೆದರೂ ದರ ಅಷ್ಟೇ. ಹಾಗಾಗಿ ವಿಮಾನ ತಡವಾದರೂ ಏನೂ ನಷ್ಟವಿಲ್ಲ, ಇಳಿದ ಮೇಲೆ ತೆಗೆದುಕೊಂಡರೆ ಆಯಿತು. ಪೇಪರ್ ಟಿಕೆಟ್ ಆದರೆ ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮೊಬೈಲ್ ಟಿಕೆಟ್ ಆದರೆ ಚೆಕ್ ಇನ್ ಒತ್ತಬೇಕು. ಮರೆತರೆ ಟಿಕೆಟ್ ಇದ್ದೂ ದಂಡ.

ಓರ್ವಿಯೆಟೊ ಬಂಡೆಯ ತುದಿಯಲ್ಲಿರುವ ಊರು. ಸ್ಟೇಷನ್ ಎದುರಿನಿಂದಲೇ ಹಗ್ಗದ ರೈಲು ಮೇಲಕ್ಕೆ ಕರೆದುಕೊಂಡು ಹೋಗುತ್ತದೆ. ಮಗಳಿಗೆ ಖುಷಿ, ಅತ್ತೆಯವರ ಮಂಡಿಗೂ ನೆಮ್ಮದಿ. ಮಾರನೇ ದಿನ ಬೆಳಿಗ್ಗೆ ಕೆಳಗೆ ಸ್ಟೇಷನ್ ಹತ್ತಿರದ ಕಚೇರಿಯಲ್ಲಿ ಕಾರು ತೆಗೆದುಕೊಂಡರೆ ಹೈವೇ ಅಲ್ಲೇ ಪಕ್ಕ. ರೋಮ್ ಟ್ರಾಫಿಕ್ ನೋಡುವ ಪ್ರಮೇಯವೇ ಇಲ್ಲ. ಪಿಯೆಂಜಾಗೆ ಒಂದೂಕಾಲು ಗಂಟೆ. ಒಂದೇ ಎಚ್ಚರ: ಇಂಥ ಸಣ್ಣ ಊರಿನ ಬಾಡಿಗೆ ಕಚೇರಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ವಾರದ ದಿನಕ್ಕೆ ಹೊಂದಿಸಿಕೊಳ್ಳಿ. ಏಳು ಸೀಟಿನ ಕಾರು ಅಲ್ಲಿ ಸಿಗದಿದ್ದರೆ ಏರ್‌ಪೋರ್ಟ್ ಹತ್ತಿರವೇ ರಾತ್ರಿ ಉಳಿದು, ಬೆಳಿಗ್ಗೆ ಅಲ್ಲಿಂದಲೇ ಕಾರು ಹಿಡಿಯಿರಿ. ಅದೂ ಪರವಾಗಿಲ್ಲ.

ಹೈವೇ ಹತ್ತುವಾಗ ಯಂತ್ರದಿಂದ ಚೀಟಿ ತೆಗೆದುಕೊಳ್ಳಿ, ಇಳಿಯುವಾಗ ದುಡ್ಡು ಕೊಡಿ. ಟೋಲಿನಲ್ಲಿ ಹಳದಿ ಬಣ್ಣದ ಲೇನ್ ಟೆಲಿಪಾಸ್‌ನವರದು, ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ. ಅಲ್ಲಿಗೆ ಹೋಗಬೇಡಿ. ನೋಟು, ನಾಣ್ಯದ ಚಿತ್ರ ಇರುವ ಲೇನಿಗೆ ಹೋಗಿ. ಕಾರ್ಡ್ ಓದದೆ ಗೇಟು ಏಳದಿದ್ದರೆ ಗಾಬರಿಯಾಗಿ ರಿವರ್ಸ್ ತೆಗೆಯಬಾರದು. ಸಹಾಯದ ಬಟನ್ ಒತ್ತಿ. ಒಂದು ಚೀಟಿ ಬಂದು ಗೇಟು ತೆರೆಯುತ್ತದೆ, ಆ ದುಡ್ಡನ್ನು 15 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಿದರೆ ಸಾಕು.

ಇನ್ನು ಎಲ್ಲರ ಜೇಬಿಗೂ ಕತ್ತರಿ ಹಾಕುವ ಜೆಡ್‌ಟಿಎಲ್. ಹಳೇ ಊರುಗಳ ಒಳಭಾಗಕ್ಕೆ ಅಲ್ಲಿನವರ ವಾಹನ ಬಿಟ್ಟರೆ ಬೇರೆಯವರಿಗೆ ಪ್ರವೇಶ ಇಲ್ಲ. ಕೆಂಪು ವೃತ್ತದ ಬೋರ್ಡು, ಮೇಲೆ ಕ್ಯಾಮೆರಾ. ಪೊಲೀಸ್ ಯಾರೂ ತಡೆಯುವುದಿಲ್ಲ, ಸೀಟಿ ಊದುವುದಿಲ್ಲ. ಹಾಗಾಗಿ ಒಳಗೆ ಹೋದದ್ದೇ ಗೊತ್ತಾಗಲ್ಲ. ನಮ್ಮ ಚಿಕ್ಕಪ್ಪ ಸಿಯೆನಾದಲ್ಲಿ ಹೋಟೆಲ್ ಹುಡುಕುತ್ತಾ ಇಂಥ ಗೇಟಿನ ಕೆಳಗೆ ಎರಡು ಸಲ ಸುತ್ತು ಹಾಕಿದರು. ತಿಂಗಳುಗಟ್ಟಲೆ ಆದ ಮೇಲೆ ಜಯನಗರದ ಮನೆಗೆ ಎರಡು ನೋಟೀಸು ಬಂದವು. ವಿದೇಶದವರಿಗೆ ನೋಟೀಸು ಕಳಿಸೋಕೆ ಅವರಿಗೆ 360 ದಿನ ಸಮಯ ಇದೆ. ಹೆಸರು ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಬೇರೆ ಶುಲ್ಕ ಹಿಡಿಯಿತು. ಊರ ಹೊರಗೆ ನಿಲ್ಲಿಸಿ ನಡೆಯುವುದೇ ಸರಿ. ಪಾರ್ಕಿಂಗ್ ಜಾಗದಲ್ಲಿ ಬಿಳಿ ಗೆರೆ ಪುಕ್ಕಟೆ, ನೀಲಿ ಗೆರೆಗೆ ದುಡ್ಡು ಹಾಕಿ ಚೀಟಿ ಗಾಜಿನ ಒಳಗೆ ಇಡಬೇಕು, ಹಳದಿ ಗೆರೆಯಲ್ಲಿ ನಿಲ್ಲಿಸಬಾರದು.

ವಾಪಸ್ ಬರುವಾಗ ಕಾರನ್ನು ಫ್ಲಾರೆನ್ಸ್ ಊರೊಳಗೆ ತರಬೇಡಿ. ಫ್ಲಾರೆನ್ಸ್ ಏರ್‌ಪೋರ್ಟಿನಲ್ಲೇ ಕೊಟ್ಟುಬಿಡಿ. ಅಲ್ಲಿಂದ ಟ್ರಾಮ್ ಇಪ್ಪತ್ತು ನಿಮಿಷದಲ್ಲಿ ಮುಖ್ಯ ಸ್ಟೇಷನ್ ಹತ್ತಿರ ಇಳಿಸುತ್ತದೆ. ಎರಡು ದಿನ ಫ್ಲಾರೆನ್ಸ್ ನೋಡಿ, ವೇಗದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷಕ್ಕೆ ಬೊಲೋನ್ಯಾ. ಈ ವೇಗದ ರೈಲಿನ ಟಿಕೆಟ್ ಮಾತ್ರ ಬೇಗ ತೆಗೆದಷ್ಟೂ ಅಗ್ಗ. ಬೊಲೋನ್ಯಾ ಸ್ಟೇಷನ್ನಿನಿಂದ ಏರ್‌ಪೋರ್ಟಿಗೆ ಮೊನೊರೈಲು ಏಳೇ ನಿಮಿಷ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತದೆ, ಮೊದಲೇ ಪ್ರಕಟಿಸುತ್ತಾರೆ. ಹೊರಡುವ ವಾರ "ಷೋಪೆರೊ" (sciopero, ಅಂದರೆ ಮುಷ್ಕರ) ಅಂತ ಒಮ್ಮೆ ಹುಡುಕಿ ನೋಡಿ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಮುಷ್ಕರವಿದ್ದರೂ ಕೆಲವು ರೈಲು ಓಡಿಸಲೇಬೇಕು ಅಂತ ನಿಯಮ ಇದೆ.

ಅತ್ತೆ ಮಾವ ಇಬ್ಬರಿಗೂ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ. ಅದಕ್ಕೆ ದುಡ್ಡಿಲ್ಲ, ಕನಿಷ್ಠ 48 ಗಂಟೆ ಮುಂಚೆ ತಿಳಿಸಿರಬೇಕು. ಮಾವನವರು "ನನಗೇನಾಗಿದೆ?" ಅನ್ನಬಹುದು. ದುಬೈ ಏರ್‌ಪೋರ್ಟಿನ ಉದ್ದ ನೋಡಿದ ಮೇಲೆ ಅವರೇ ಕೂತುಕೊಳ್ಳುತ್ತಾರೆ.

ತೋಟದ ಮನೆಯವರಿಗೆ ಈಗಲೇ ಬರೆದು ಎರಡು ವಿಷಯ ಕೇಳಿ: ಮನೆಯ ನಿಖರವಾದ ಲೊಕೇಶನ್, ಮತ್ತು ಮಳೆ ಬಂದರೆ ಜಲ್ಲಿ ರಸ್ತೆಯಲ್ಲಿ ಮಾಮೂಲಿ ಕಾರು ಹೋಗುತ್ತದಾ ಅಂತ. ಅವರ ಉತ್ತರ ಮತ್ತು ನಿಮ್ಮ ತಾರೀಖು ಇಲ್ಲಿ ಹಾಕಿದರೆ ಯಾವ ವಾರದ ದಿನ ಇಳಿದರೆ ಒಳ್ಳೆಯದು ಅಂತ ನೋಡಿ ಹೇಳುತ್ತೇನೆ.